ಭಂಡಾರ ಮುಟ್ಟದ ಕೈ

"ಆ ಕೈಲೆ ಕೂಸು ಮುಟ್ಟಬ್ಯಾಡಲೇ! ಪಗಾರಕ್ಕ ಮಂದಿ ಕೊಂದ ಕೈ ಅದು."

ಧರ್ಮಣ್ಣ ಮಾವ ಇದನ್ನು ಮೆಲ್ಲಗೆ ಹೇಳಲಿಲ್ಲ. ಮುಂಬೈಯ ಭಾಂಡುಪಿನಲ್ಲಿದ್ದ ನಮ್ಮ ಚಾಳಿನ ಅಂಗಳದಲ್ಲಿ ಪೆಂಡಾಲಿನಡಿ ಕೂತಿದ್ದ ಎಲ್ಲರಿಗೂ ಕೇಳುವಂತೆ ಕೂಗಿದ. ಅಂದು ಅಣ್ಣ ಶರಣುವಿನ ಮಗಳ ಜಾವಳ. ಕೂದಲು ತೆಗೆಸಿಕೊಂಡು ಬೋಳುತಲೆಯಲ್ಲಿ ಅಳುತ್ತಿದ್ದ ಕೂಸನ್ನು ಎತ್ತಿಕೊಳ್ಳಲು ನಾನು ಕೈ ಚಾಚಿದ್ದೆ. ಅತ್ತಿಗೆ ರಂಜನಾ ಅದನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದಳು.

"ಅಣ್ಣನ ಜೋಡಿ ಹೋದವ ಅಣ್ಣನ ಜೋಡಿ ತಿರುಗಿ ಬರಬೇಕಿತ್ತಲ್ಲ? ಶರಣು ಎಷ್ಟು ಕರದ್ರೂ ಬರಲಿಲ್ಲಂತ. ಇವಗ ಬಂದೂಕಿನ ರುಚಿ ಹತ್ತಿತ್ತು," ಎಂದ ಮಾವ.

"ಮಿಲಿಟ್ರಿ ಸಾಹೇಬ್ರು! ಸಲಾಮ್ ಹೊಡೀರೋ," ಎಂದು ಹಿಂದಿನಿಂದ ಯಾರೋ ನಕ್ಕರು.

ಅಣ್ಣನ ಕಡೆ ನೋಡಿದೆ. ಅವನು ಮೊಬೈಲು ನೋಡುತ್ತಿದ್ದ. ನಾನು ಬಂದು ವಾರವಾದರೂ ಚಾಳಿನವರು ಯಾಕೆ ಮಾತಾಡಿಸುತ್ತಿರಲಿಲ್ಲ ಎಂಬುದು ಆಗ ಹೊಳೆಯಿತು.

ನಾವಿಬ್ಬರೂ ಶಾಲೆ ಬಿಟ್ಟು ಸಿಮೆಂಟು ಹೊತ್ತವರು. ಮಾಲ್ ಕಾಯುವ ವಾಚ್‌ಮನ್ ಕೆಲಸ ಎಂದು ಹೇಳಿ ಏಜೆಂಟ್ ವಿಮಾನ ಹತ್ತಿಸಿದ. ಇಳಿದದ್ದು ಒಂದು ಮರಳುಗಾಡಿನ ದೇಶದಲ್ಲಿ. ಅಲ್ಲಿ ಒಂದೇ ದೇಶದವರು ಎರಡು ಸೈನ್ಯ ಕಟ್ಟಿಕೊಂಡು ಹೊಡೆದಾಡುತ್ತಿದ್ದರು. ಅದರಲ್ಲೊಂದು ಸೈನ್ಯದವರು ನಮ್ಮ ಪಾಸ್‌ಪೋರ್ಟ್ ಕಸಿದುಕೊಂಡು ಬಂದೂಕು ಕೊಟ್ಟರು. ನಾನು ಗುಂಡು ಹಾರಿಸಿದ್ದೇನೆ. ಅಣ್ಣನೂ ಹಾರಿಸಿದ್ದಾನೆ. ಹಾರಿಸದವರನ್ನು ಅವರೇ ಹಿಂದಿನಿಂದ ಹೊಡೆಯುತ್ತಿದ್ದರು.

ನಮ್ಮ ಕಮಾಂಡರನ ಸ್ವಂತ ತಮ್ಮ ಎದುರು ಸೈನ್ಯದಲ್ಲಿದ್ದ. ಗುಂಡು ನಿಂತ ಹೊತ್ತಿನಲ್ಲಿ ಕಮಾಂಡರ್ ಅವನಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಬೈಯುತ್ತಿದ್ದ. ಕೊನೆಗೆ ದನಿ ಇಳಿಸಿ ಊಟ ಆಯಿತೇ ಎಂದು ಕೇಳುತ್ತಿದ್ದನಂತೆ. ಹಿಂದಿ ಬಲ್ಲ ಅಡುಗೆಯವನು ನಮಗೆ ಬಿಡಿಸಿ ಹೇಳುತ್ತಿದ್ದ.

ಒಂದು ದಿನ, ಇಬ್ಬರಲ್ಲಿ ಒಬ್ಬ ರಜೆಯ ಮೇಲೆ ಹೋಗಬಹುದು, ಉಳಿದವನೇ ಜಾಮೀನು ಎಂದರು. ಅತ್ತಿಗೆ ಬಸುರಿ. ನೀ ಹೋಗು ಅಂದೆ. ಮನೆ ಬಿಡುವಾಗ ಅವ್ವ ಕಟ್ಟಿಕೊಟ್ಟಿದ್ದ ಭಂಡಾರದ ಗಂಟು ಬಿಚ್ಚಿ, ದೇವರ ಆ ಅರಿಶಿನ ಮುಟ್ಟಿ ಅಣ್ಣ ಆಣೆ ಮಾಡಿದ: "ಮುಂಬೈ ಮುಟ್ಟಿದ ಕೂಡ್ಲೆ ಪೊಲೀಸ್ರಿಗೆ ದೂರು ಕೊಡ್ತೀನಿ. ನಿನ್ನ ಬಿಡಿಸದ ಬಿಡಂಗಿಲ್ಲ." ಭಂಡಾರ ಮುಟ್ಟಿದ ಮೇಲೆ ನಮ್ಮವರಲ್ಲಿ ಸಾಕ್ಷಿ ಕೇಳುವುದಿಲ್ಲ. ನಾನೂ ಕೇಳಲಿಲ್ಲ.

ಜೊತೆಗಿದ್ದ ಹುಡುಗರ ಮನೆಯವರು ದೂರು ಕೊಟ್ಟರು. ಒಬ್ಬೊಬ್ಬರಾಗಿ ಬಿಡುಗಡೆಯಾಗಿ ಹೋದರು. ನನ್ನ ಹೆಸರು ಯಾರೂ ಕರೆಯಲಿಲ್ಲ. ಮನೆಯ ನಂಬರು ಹತ್ತುತ್ತಿರಲಿಲ್ಲ. ತೊಡೆಗೆ ಗುಂಡು ಹೊಕ್ಕು ಕೆಲಸಕ್ಕೆ ಬಾರದವನಾದ ಮೇಲೆ ಅವರೇ ಕಳಿಸಿಬಿಟ್ಟರು. ಬಂದ ದಿನ ಅಣ್ಣ, "ದೂರು ಕೊಟ್ಟೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ," ಎಂದು ನನ್ನ ಕಾಲು ಹಿಡಿದು ಅತ್ತಿದ್ದ. ನಂಬಿದ್ದೆ.

"ಅಣ್ಣಾ, ನೀನ ಹೇಳು ಇವ್ರಿಗೆ," ಎಂದೆ. "ನಾ ಯಾಕ ಉಳದೆ, ಅಷ್ಟ ಹೇಳು ಸಾಕು."

"ಮಂಗಳ ಕಾರ್ಯದಾಗ ಅದೆಲ್ಲ ಯಾಕ? ಬಿಡಲೇ ಈಗ, ಛೋಡ್ ನಾ ಯಾರ್."

ನನ್ನ ಮೈಗೆ ಬೆಂಕಿ ಬಿತ್ತು. ದೇವರ ಜಗುಲಿಯ ಮೇಲಿದ್ದ ಭಂಡಾರದ ತಟ್ಟೆ ಎತ್ತಿ ಅವನ ಮುಂದೆ ಹಿಡಿದೆ.

"ಹಂಗಾರ ಇದನ್ನ ಮುಟ್ಟು. ನಾ ಬಂದೂಕಿನ ಆಸೆಗೆ ಉಳದೆ ಅಂತ ಮುಟ್ಟಿ ಹೇಳು. ಮಾವ ಬೈದದ್ದೆಲ್ಲ ತಲಿ ಮ್ಯಾಲ ಹೊರತೀನಿ."

ಹಿಂದೆ ನಗುತ್ತಿದ್ದವರು ಕುತ್ತಿಗೆ ಚಾಚಿ ನೋಡಿದರು.

"ಮುಟ್ಟಲೇ ಶರಣು," ಎಂದ ಮಾವ. "ಖರೇ ಹೇಳಾಕ ನಿನಗೇನ ಅಂಜಿಕಿ?"

ಅಣ್ಣ ಕೈ ಮುಂದೆ ತಂದ. ಬೆರಳು ಹಳದಿ ಪುಡಿಗೆ ತಾಗುವುದರೊಳಗೆ ಅವ್ವ ಓಡಿ ಬಂದು ತಟ್ಟೆ ಕಸಿದುಕೊಂಡಳು.

"ಮುಟ್ಟಬ್ಯಾಡೋ! ಕೂಸಿಗೆ ತಟ್ಟತೈತಿ!"

ಖರೆ ಹೇಳುವವನ ಕೂಸಿಗೆ ಭಂಡಾರ ಏನೂ ಮಾಡುವುದಿಲ್ಲ. ಅದು ಅಲ್ಲಿ ಕೂತಿದ್ದ ಮುದುಕರಿಂದ ಹಿಡಿದು ಎಲ್ಲರಿಗೂ ಗೊತ್ತು. ಗೆದ್ದೆ ಅಂದುಕೊಳ್ಳಬೇಕಿತ್ತು. ಆದರೆ ನಾನು ಅವ್ವನ ಮುಖವನ್ನೇ ನೋಡುತ್ತ ನಿಂತೆ.

"ನಿನಗ ಗೊತ್ತಿತ್ತೇನ ಅವ್ವಾ?"

ಅವಳು ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ದೂರು ಕೊಟ್ರ ಇವನೂ ಬಂದೂಕು ಹಿಡದಾನಂತ ಜೇಲಿಗೆ ಹಾಕ್ತಾರಂತ ಆ ಏಜೆಂಟ್ ಹೆದರಿಸಿದ್ದ. ಬ್ಯಾಡ ಅಂದಾಕಿ ನಾನ. ಇವಗ ಹೆಂಡ್ತಿ, ಹೊಟ್ಟ್ಯಾಗಿನ ಕೂಸು. ನಿನಗ ಹಿಂದಿಲ್ಲ ಮುಂದಿಲ್ಲ. ನೀ ಯಾಕ ಬರಲಿಲ್ಲಂತ ಕೇಳಿದವ್ರಿಗೆ ಏನರ ಹೇಳಬೇಕಿತ್ತಲ್ಲೋ ಯಪ್ಪಾ. ನೀನ ಹೇಳು ಗುರುಪಾದ, ಇಬ್ಬರನ್ನೂ ಕಳಕೋಬೇಕಾಗಿತ್ತೇನ ನಾನು?"

ಅಣ್ಣ ಮುಖ ಮುಚ್ಚಿಕೊಂಡು ಕುಕ್ಕರಿಸಿದ. ಅತ್ತಿಗೆ ಒಂದು ಹೆಜ್ಜೆ ಮುಂದೆ ಬಂದು ಕೂಸನ್ನು ನನ್ನ ಕಡೆ ನೀಡಿದಳು. ನಾನು ಎತ್ತಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ಕುಂಟುತ್ತ, ಸ್ಟೇಷನ್ನಿನ ಕಡೆಗೆ ಗಲ್ಲಿ ಇಳಿದೆ.

"ಊಟರ ಮಾಡಿ ಹೋಗೋ!" ಎಂದು ಅವ್ವ ಹಿಂದಿನಿಂದ ಕೂಗುತ್ತಿದ್ದಳು. ನಾನು ನಡೆಯುತ್ತಲೇ ಇದ್ದೆ.