ಗರಾಜಿನ ಹಿಂದಿನ ಶವರ್

ರಮಾ ಬಲಗೈಯ ರಬ್ಬರ್ ಗ್ಲೌಸನ್ನು ಎಳೆದು ತೆಗೆದಳು. ತೀರಿಕೊಂಡ ಗಂಡನ ಬಾಯಿಗೆ ಅಕ್ಕಿಕಾಳು ಹಾಕುವ ಮೊದಲು ಫ್ಯೂನರಲ್ ಹೋಮಿನವರು ಎಲ್ಲರಿಗೂ ಒಂದೊಂದು ಜೊತೆ ಕೊಟ್ಟಿದ್ದರು.

“ಅಮ್ಮಾ, ಪ್ಲೀಸ್, ಕೀಪ್ ಇಟ್ ಆನ್,” ಎಂದಳು ಮಗಳು ಹರ್ಷಿಣಿ.

ಪಕ್ಕದ ಮನೆಯ ಸುಮಿತ್ರವ್ವ ಹರ್ಷಿಣಿಯ ತೋಳು ಹಿಡಿದಳು. “ಸುಮ್ನಿರವಾ. ಆಕಿ ಗಂಡ, ಆಕಿ ಕೈ.”

ಗುರುವಾರ ಲ್ಯಾಬಿನಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ ಬದರಿನಾಥ. ಕಾಳು ಹಾಕಿದ ಮೇಲೆ ರಮಾ ಅವನ ಬೆರಳುಗಳನ್ನು ತನ್ನ ಬರಿಗೈಯಲ್ಲಿ ಹಿಡಿದು, ಬಗ್ಗಿ ಮೂಸಿದಳು. ಯಾರೋ ಚೆನ್ನಾಗಿ ತೊಳೆದುಬಿಟ್ಟಿದ್ದರು. ಸಾಬೂನಿನ ವಾಸನೆಯಷ್ಟೇ ಇತ್ತು.

*

ಅಮೆರಿಕದ ಕಡಲತೀರದ ಊರು ಗ್ಯಾಲ್ವೆಸ್ಟನ್ನಿನ ಲ್ಯಾಬಿನಲ್ಲಿ ಮೀನಿನ ಹೊಟ್ಟೆ ಕೊಯ್ದು, ಅದು ಏನು ತಿಂದಿದೆಯೆಂದು ನೋಡುವುದು ಅವನ ಕೆಲಸ. ರಮಾ ಈರುಳ್ಳಿಯನ್ನೂ ಒಳಗೆ ಬಿಡದ ಮನೆಯಲ್ಲಿ ಬೆಳೆದವಳು. ಅಲ್ಲಿಗೆ ಹತ್ತಿರದ ಪೇರ್ಲ್ಯಾಂಡಿನಲ್ಲಿ ಮನೆ ಕೊಂಡ ವರ್ಷವೇ ಗರಾಜಿನ ಹಿಂದೆ ಒಂದು ಶವರ್ ಹಾಕಿಸಿದಳು. ಅವನು ಅಲ್ಲಿ ನಿಂಬೆಹೋಳಿನಿಂದ ಕೈ ಉಜ್ಜಿಕೊಂಡು, ಸ್ನಾನ ಮಾಡಿ ಒಳಗೆ ಬರಬೇಕು. ಬಂದಮೇಲೂ ವಾಸನೆ ಎನ್ನುವಳು. ಬಡಿಸಿಟ್ಟು ದೂರ ನಿಲ್ಲುವಳು.

ಒಂದು ಸಂಜೆ ಅನ್ನ ಕಲಸುತ್ತ ಅವನು ಹೇಳಿದ: “ಇವತ್ತೊಂದು ದೊಡ್ಡ ಮೀನು ಬಂದಿತ್ತು ಕಣೇ. ಹೊಟ್ಟೆ ತುಂಬಿತ್ತು, ಮೈ ನೋಡಿದ್ರೆ ಒಣಕಲು.”

“ಊಟದ ಹೊತ್ತಲ್ಲಿ ಇದೆಲ್ಲ ಬೇಕಾ?”

“ಕೊಬ್ಬಿರೋ ಸಣ್ಣ ಮೀನು ಕಡಿಮೆ ಆಗಿದೆ. ಅದಕ್ಕೆ ಸಿಕ್ಕಿದ್ದು ತಿನ್ನುತ್ತೆ. ಹೊಟ್ಟೆಯೇನೋ ತುಂಬುತ್ತೆ, ಮೈಗೆ ಹತ್ತಲ್ಲ. ತಿಂತಾ ತಿಂತಾನೇ ಸೊರಗುತ್ತೆ.”

“ಇನ್ನಷ್ಟು ಹುಳಿ ಹಾಕ್ಲಾ?”

ಅವನು ತಲೆಯೆತ್ತಿ ಅವಳನ್ನೇ ನೋಡಿದ. “ಹುಳಿ ಸಾಕು. ಇಲ್ಲೇ ಸ್ವಲ್ಪ ಕೂತ್ಕೋ.”

ಒಲೆಯ ಮೇಲೆ ಹಾಲಿತ್ತು. ಅವಳು ಒಳಗೆ ಹೋದಳು. ಆಮೇಲೆ ಅವನು ಮತ್ತೆ ಕರೆಯಲಿಲ್ಲ.

*

ದಹನ ಮುಗಿಸಿ ಬಂದವರು ಸ್ನಾನ ಮಾಡದೆ ಮನೆಯೊಳಗೆ ಕಾಲಿಡುವಂತಿರಲಿಲ್ಲ. ಎಲ್ಲರೂ ಗರಾಜಿನ ಹಿಂದೆ ಸರದಿಯಲ್ಲಿ ನಿಂತರು.

“ಇವತ್ತ ಎಲ್ಲಾರಿಗೂ ಉಪಯೋಗಕ್ಕ ಬಂತ ನೋಡ್ರಿ,” ಎಂದಳು ಸುಮಿತ್ರವ್ವ, ಸೆರಗು ಹಿಂಡುತ್ತ. “ಪಾಪ, ಅವ್ರು ಚಳಿಗಾಲದಾಗೂ ಇಲ್ಲೇ ನಡುಗಕೋತ ನಿಂತಿರ್ತಿದ್ರು. ಒಳಗ ಬಿಸಿನೀರಿಲ್ಲೇನ್ರಿ ಅಂದ್ರ, ‘ಮನೆಯವಳ ಆರ್ಡರು’ ಅಂತ ನಗತಿದ್ರು.”

ಎಲ್ಲರೂ ಒಳಗೆ ಹೋದ ಮೇಲೆ ರಮಾಗೆ, ನೀರು ತಾಗದ ಗೋಡೆಯ ಅಂಚಿನಲ್ಲಿ ನಿಂಬೆಹೋಳು ಕಂಡಿತು. ಬುಧವಾರದ್ದಿರಬೇಕು. ಒಣಗಿ ಮುರುಟಿತ್ತು, ಅವನ ಹೆಬ್ಬೆರಳು ಒತ್ತಿದ ಗುಳಿ ಇನ್ನೂ ಹಾಗೇ ಇತ್ತು. ಅದನ್ನು ಬಲಗೈಯಲ್ಲಿ ತೆಗೆದುಕೊಂಡು ಮೂಗಿನ ಹತ್ತಿರ ತಂದಳು. ನಿಂಬೆಯ ಕಹಿ, ಅದರಡಿಯಲ್ಲಿ, ತೀರ ಸಣ್ಣಗೆ, ಮೀನು.

“ಅಮ್ಮಾ, ಟವೆಲ್ ಇಟ್ಟಿದೀನಿ. ಕಮ್ ಇನ್‌ಸೈಡ್,” ಹರ್ಷಿಣಿ ಬಾಗಿಲಿನಿಂದ ಕೂಗಿದಳು.

ರಮಾ ಶವರ್ ತಿರುಗಿಸಿದಳು. ನೀರು ತಲೆಯ ಮೇಲೆ ಸುರಿದು ಸೀರೆಯನ್ನೆಲ್ಲ ತೋಯಿಸಿತು. ನಿಂಬೆಹೋಳು ಹಿಡಿದ ಬಲಗೈಯನ್ನು ಮಾತ್ರ ಅವಳು ಚಾಚಿ, ನೀರಿನಿಂದಾಚೆ ಹಿಡಿದುಕೊಂಡು ನಿಂತಿದ್ದಳು.