ದಬ್ಬಳ ಚುಚ್ಚದ ರೊಟ್ಟಿ

ನೊಣ ಟೀ ಲೋಟದ ಅಂಚಿನಿಂದೆದ್ದು ಶಾಯಿಡಬ್ಬಿಯ ಮೇಲೆ ಕೂತಿತು, ಅಲ್ಲಿಂದ ಕಾಗದಕ್ಕೆ ನಡೆದರೆ ಅದರ ಕಾಲಿನ ಗುರುತೂ ಸಾಕ್ಷಿಯಾದೀತು, ಆದರೆ ರಾಜಿ ಪಂಚಾಯಿತಿಗೆ ಕೂತ ಇವರೆಲ್ಲ ಕಾದಿರುವುದು ನನ್ನ ಹೆಬ್ಬೆಟ್ಟಿಗೆ — ಓದಿ ಹೇಳಿದರು, ವನೀಸನ ಮಗ ಬಾಖೂಮ್ ಗೋಡೆ ಕಟ್ಟುವಾಗ ಕಾಲು ಜಾರಿ ಕಬ್ಬಿಣದ ಸರಳಿನ ಮೇಲೆ ಬಿದ್ದು ಸತ್ತ, ಯಾರ ಮೇಲೂ ದೂರಿಲ್ಲ — ಜಾರಿದನಂತೆ ನನ್ನ ಮಗ, ಹನ್ನೆರಡು ವರ್ಷ ಗಾರೆ ಕೆಲಸ ಮಾಡಿದವನು, ಗೋಡೆಯ ಮೇಲೆ ಬೆಕ್ಕಿನ ಹಾಗೆ ನಡೆಯುತ್ತಿದ್ದವನು. ನಮ್ಮ ಮನೆಯ ಮೇಲೊಂದು ಕೋಣೆ ಎಬ್ಬಿಸುತ್ತಿದ್ದ, ಅದು ಇಗರ್ಜಿಯಂತೆ ಎಂದು ಯಾರೋ ಹಬ್ಬಿಸಿದರು, ಶುಕ್ರವಾರ ಮಧ್ಯಾಹ್ನ ನಮಾಜು ಮುಗಿಸಿ ಜನ ನುಗ್ಗಿದರು, ಸಾಬಿರ್ ಚಾಕು ಹಾಕಿದ್ದನ್ನು ಬೀದಿಯೆಲ್ಲ ನೋಡಿತು, ಆ ಸಾಬಿರ್ ಈಗ ಎದುರಿಗೇ ಕೂತು ಚಪ್ಪಲಿ ನೋಡುತ್ತಿದ್ದಾನೆ, ಚಿಕ್ಕವನಿದ್ದಾಗ ಇಗರ್ಜಿಯ ಒಲೆಯ ಬಳಿ ಬಂದು ನನ್ನ ಕೈಯಿಂದ ಬಿಸಿರೊಟ್ಟಿ ತಿಂದವನು. ಪೊಲೀಸರು ಹಿಡಿದದ್ದು ನನ್ನ ಕಿರಿಯವನನ್ನು, ಶನೂದಾನನ್ನು, ಅಣ್ಣನನ್ನು ಎತ್ತಿಕೊಳ್ಳಲು ಓಡಿದ್ದಕ್ಕೆ — ಹೆಬ್ಬೆಟ್ಟು ಒತ್ತಿದರೆ ಸಂಜೆಗೆ ಬಿಡುತ್ತಾರೆ, ಇಲ್ಲದಿದ್ದರೆ ಆ ಜನ ಹಚ್ಚಿದ ಬೆಂಕಿಯ ಕೇಸು ಅವನ ತಲೆಗೆ. ಊರ ಯಜಮಾನ ರಿದ್ವಾನ್ ನಗುತ್ತಾನೆ, ಟೀ ಆರಿಹೋಯ್ತಲ್ಲ ದೊಡ್ಡಪ್ಪ, ನಿಮ್ಮವರಿಗೆ ವರ್ಷವೆಲ್ಲ ಉಪವಾಸ, ಈಗ ಹೆಬ್ಬೆಟ್ಟೂ ಉಪವಾಸ ಹಿಡೀತಾ. ಯಾರೋ ಕಿಸಕ್ಕೆಂದರು. ನಮ್ಮ ಪಾದ್ರಿ ಮತ್ತಾವುಸ್ ಕಿವಿಯ ಬಳಿ ಬಗ್ಗಿ, ನಾವು ಶಿಲುಬೆಯವರು ವನೀಸ್, ಕ್ಷಮಿಸೋದೇ ನಮ್ಮ ದಾರಿ, ಎನ್ನುತ್ತಾರೆ, ಪಾಪ, ಅವರಿಗೂ ಮಕ್ಕಳಿದ್ದಾರೆ. ನನ್ನ ಹೆಂಡತಿ ದಮಿಯಾನಾ ಬೆಳಗ್ಗೆ ಆಡಿದ್ದು ಒಂದೇ ಮಾತು, ಒಬ್ಬನಾದರೂ ಊಟಕ್ಕೆ ಕೂರಲಿ, ಕರ್ಕೊಂಡು ಬನ್ನಿ.

ಒತ್ತಿಬಿಡಲೇ, ದೇವರೇ, ಸತ್ತವನಿಗೆ ಕಾಗದದಿಂದ ಏನಾಗಬೇಕು — ನಲವತ್ತು ವರ್ಷದಿಂದ ಪೂಜೆಯ ರೊಟ್ಟಿ ಸುಡುತ್ತೇನೆ, ಕೀರ್ತನೆ ಹೇಳುತ್ತ ಹಿಟ್ಟು ನಾದಿ, ಶಿಲುಬೆಯ ಮುದ್ರೆ ಒತ್ತಿ, ಸುತ್ತ ದಬ್ಬಳದಿಂದ ಐದು ತೂತು, ಶಿಲುಬೆಯ ಮೇಲೆ ಆತನಿಗಾದ ಐದು ಗಾಯ. ಇವತ್ತು ಒಂದು ರೊಟ್ಟಿಗೆ ಚುಚ್ಚಲು ಮರೆತೆ, ನಲವತ್ತು ವರ್ಷದಲ್ಲಿ ಮೊದಲ ಸಲ, ಒಲೆಯೊಳಗೆ ಅದು ಉಬ್ಬಿತು, ಶಿಲುಬೆಯ ನಡುವೆಯೇ ಬಿರಿಯಿತು, ಅಂಥದನ್ನು ಪೀಠಕ್ಕೆ ಒಯ್ಯುವಂತಿಲ್ಲ. ಶಿಲುಬೆಯ ಮೇಲಿಂದಲೇ ಕ್ಷಮಿಸಿದನಲ್ಲ ಆತ, ಕ್ಷಮಿಸಿದ ಮೇಲೂ, ಸಮಾಧಿಯಿಂದ ಎದ್ದು ಬಂದ ಮೇಲೂ ಗಾಯ ಮುಚ್ಚಲಿಲ್ಲ, ನಂಬದ ಶಿಷ್ಯ ತೋಮನಿಗೆ ಪಕ್ಕೆ ತೋರಿಸಿದ, ಬೆರಳಿಟ್ಟು ನೋಡು ಎಂದ, ನಾನು ಜಾರಿ ಬಿದ್ದೆ ಎನ್ನಲಿಲ್ಲ. ಬಾಖೂಮನ ಮೈ ತೊಳೆದವನು ನಾನು, ನೀರು ಕೆಂಪಾಗುವುದು ನಿಲ್ಲದೆ ಗಾಯವನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದಿದ್ದೆ, ಇದೇ ಹೆಬ್ಬೆಟ್ಟು, ಗಾಯದ ಬಾಯಿಗೆ ಸರಿಯಾಗಿ ಕೂತಿತು — ಈಗ ರಿದ್ವಾನ್ ಇದನ್ನೇ ಹಿಡಿದು ಶಾಯಿಯ ಕಡೆ ಎಳೆಯುತ್ತಾನೆ, ಶನೂದಾ, ಮಗನೇ, ನಿನ್ನಮ್ಮನಿಗೆ ನಾನು ಏನು ಹೇಳಲಿ — ಕೈ ಬಿಡಿಸಿಕೊಂಡೆ, ನನ್ನ ದನಿ ನನಗೇ ದೂರದಿಂದ ಕೇಳಿಸುತ್ತದೆ, ಸಾಬಿರನನ್ನ ನಾನು ಕ್ಷಮಿಸಿದ್ದೀನಿ ಯಜಮಾನರೇ, ಗಾಯ ಇತ್ತು ಅಂತ ಬರೀರಿ, ಚಾಕೂದು ಅಂತ ಬರೀರಿ, ಆಮೇಲೆ ಒತ್ತುತೀನಿ. ಪಾದ್ರಿ ಕಣ್ಣು ಮುಚ್ಚಿದರು. ರಿದ್ವಾನ್ ಶಾಯಿಡಬ್ಬಿಯ ಮುಚ್ಚಳ ಹಾಕಿದ, ಇನ್ನು ಶನೂದಾ ಬರುವುದಿಲ್ಲ, ಸಂಜೆ ಬರುವುದಿಲ್ಲ, ಊಟಕ್ಕೆ — ಸಾಬಿರ್ ತಲೆ ಎತ್ತಿದ, ನೋಡಿದ್ದು ನನ್ನ ಮುಖವನ್ನಲ್ಲ, ಹೆಬ್ಬೆಟ್ಟನ್ನು, ಶಾಯಿ ತಾಗದ್ದು, ಬಲಗಡೆ, ಪಕ್ಕೆಲುಬಿನ ಕೆಳಗೆ, ಗಾಯ ಇಷ್ಟೇ ಅಗಲ, ಇಷ್ಟೇ