ಬುರ್ಲಿ ಹಕ್ಕಿಗೂ ಸೊಪ್ಪು ಬೇಕು

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸ್ವಿಯ ಮಳೆಗಾಲ. ಕಣಗಲಾ ಊರಿನ ಕಮಲಾಬಾಯಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಹಿತ್ತಿಲಿಗೆ ಓಡುವಳು, ಹಾಲು ಉಕ್ಕಿದ ವಾಸನೆಗೆ ಮತ್ತೆ ಒಳಗೆ ಬರುವಳು. ಹಿತ್ತಿಲ ಬುಟ್ಟಿಯಡಿ ಬುರ್ಲಿ ಹಕ್ಕಿಗಳು, ಅಂದರೆ ಪುಟ್ಟ ಲಾವಕ್ಕಿಗಳಿದ್ದವು. ಮೂಡಲಗಿ ಸಂತೆಯಲ್ಲಿ ಬೇಟೆಗಾರನಿಂದ ಹನ್ನೆರಡನ್ನು ಕೊಂಡು ತಂದಿದ್ದಳು, ಹಾರಬಿಟ್ಟು ಜೀವ ಉಳಿಸಲೆಂದು. ಆ ಪಾಪಿ ರೆಕ್ಕೆಗರಿ ಕಿತ್ತಿದ್ದ. ಗರಿ ಬರುವವರೆಗೆ ಸಾಕಲೇಬೇಕಾಯಿತು. ತಿಂಗಳಾದರೂ ಗರಿ ಬರಲಿಲ್ಲ. ಕಣ್ಣು ಊದಿ ಮುಚ್ಚತೊಡಗಿದವು. ಮೂರು ಸತ್ತೂ ಹೋದವು.

ಬಾಜೂ ಮನೆಯ ಸುಂದ್ರವ್ವ ಹಕ್ಕಿ ಸಾಕಿ ಪಳಗಿದವಳು. ಬುಟ್ಟಿ ಎತ್ತಿ ನೋಡಿದಳು.

"ಏನ್ ಹಾಕ್ತೀರಿ ಬಾಯಾರ?"

"ಸಜ್ಜಿ, ನವಣಿ. ಆರಿಸಿ, ಕೇರಿ ಹಾಕ್ತೇನಿ."

"ಸೊಪ್ಪು ತಪ್ಪಲಾ?"

"ಚಾತುರ್ಮಾಸ ನಡದೈತಲ್ಲ. ಸೊಪ್ಪಿನ್ಯಾಗ ಹುಳಾ ಇರ್ತಾವಂತ ನಾಕ ತಿಂಗಳ ನಮ್ಮ ಮನ್ಯಾಗ ತಪ್ಪಲಾ ತರೂದಿಲ್ಲ."

"ಈ ವ್ರತಾ ಹಕ್ಕಿ ಹಿಡದಾವೇನ್ರಿ? ಹೊಲದಾಗಿದ್ರ ಚಿಗುರು ತಿಂತಿದ್ದವು. ಬರೀ ಕಾಳ ತಿಂದ್ರ ಹಿಂಗ ಕಣ್ಣ ಮುಚ್ಚತಾವ. ನನ್ನ ಹತ್ರ ನುಗ್ಗಿ ತಪ್ಪಲದ ಪುಡಿ ಐತಿ. ಬ್ಯಾಸಗ್ಯಾಗ ತೊಳದು, ನೆರಳಾಗ ಒಣಗಿಸಿ ಮಾಡಿದ್ದು. ಒಂದ ಹುಳಾ ತೋರಸ್ರಿ ನೋಡೂಣು. ಬೊಗಸಿ ಕಾಳಿಗೆ ಎರಡ ಚಿಮಟಿ ಸಾಕು. ಗರಿ ಬರಾಕ ಸ್ವಲ್ಪ ಹೆಸರ ನುಚ್ಚ ಹಾಕ್ರಿ. ಬೂಷ್ಟ ಹಿಡದದ್ದು ಮಾತ್ರ ಬ್ಯಾಡ."

"ಒಣಗಿದ್ರೂ ಅದು ತಪ್ಪಲಾನ ಅಲ್ಲೇನು? ನನ್ನ ವ್ರತಾ ಕೆಡತೈತಿ."

"ಬ್ಯಾಟಿಗಾರ ಒಮ್ಮೆ ಕೊಲ್ತಿದ್ದ ಬಾಯಾರ. ನೀವು ದಿನಾ ಕೊಲ್ಲಾಕತ್ತೀರಿ."

ಕಮಲಾಬಾಯಿಗೆ ಕಪಾಳಕ್ಕೆ ಹೊಡೆದಂತಾಯಿತು. ಸಿಟ್ಟಿನಿಂದ ಬಾಗಿಲು ಹಾಕಿಕೊಂಡಳು. ಎರಡು ಸಲ ಜಪಮಣಿ ಹಿಡಿದಳು, ಎರಡೂ ಸಲ ಮನಸ್ಸು ಬುಟ್ಟಿಯ ಹತ್ತಿರವೇ ಹೋಯಿತು. ಕೊನೆಗೆ ಬಟ್ಟಲು ಹಿಡಿದು ತಾನೇ ಸುಂದ್ರವ್ವನ ಹೊಸ್ತಿಲಿಗೆ ಬಂದಳು.

"ಕೊಡವ್ವಾ. ವ್ರತಾ ನಂದು, ಅವುಗಳದಲ್ಲ."

ಹತ್ತು ದಿನಕ್ಕೆ ಕಣ್ಣು ತೆರೆದವು. ದಸರೆಯ ಹೊತ್ತಿಗೆ ಗರಿ ತುಂಬಿತು. ಹೊಲದ ಬದುವಿನಲ್ಲಿ ಬುಟ್ಟಿ ಎತ್ತಿದಾಗ ಒಂಬತ್ತೂ ಜೋಳದ ಮೇಲೆ ಭರ್ರನೆ ಹಾರಿದವು.

"ಪುಣ್ಯಾ ಕಟಗೊಂಡ್ರಿ ಬಾಯಾರ," ಎಂದಳು ಸುಂದ್ರವ್ವ.

"ಹನ್ನೆರಡು ಹಾರಬೇಕಾಗಿತ್ತು," ಎಂದಳು ಕಮಲಾಬಾಯಿ. ಅವಳಿಗೆ ಅಳು ತಡೆಯಲಾಗಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಬುರ್ಲಿ ಸಾಕಿದ್ದೀರಾ? ಬರೀ ಕಾಳು ಸುರಿದು ಕೈತೊಳೆದುಕೊಳ್ಳಬೇಡಿ. ನುಗ್ಗೆಸೊಪ್ಪು ಹಿತ್ತಿಲಲ್ಲೇ ಇದೆ. ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಕಾಳಿಗೆ ಬೆರೆಸಿ. ಹಸಿವಾದರೆ ಹಕ್ಕಿ ಕೂಗೀತು, ಸೊಪ್ಪು ಬೇಕೆಂದು ಕೇಳಲಾರದು. ಓದುವುದು ಆಮೇಲಾಯಿತು, ಎದ್ದು ಹೋಗಿ ಮೊದಲು ಅದರ ಕಣ್ಣು ನೋಡಿ.